ಹಂಚು ಬಡಿದು ನೋಡುವವರು

ನನ್ನ ಉಪ್ಪ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನೇತ್ರಾವತಿಯ ದಂಡೆಯಲ್ಲಿದ್ದ ಆ ಕಾರ್ಖಾನೆ ಈಗ ಇಲ್ಲ. ಗೂಡಿನಿಂದ ಹೊರಬಂದ ಹಂಚುಗಳನ್ನು ಒಂದೊಂದಾಗಿ ಎತ್ತಿ, ಬೆರಳ ಗೆಣ್ಣಿನಿಂದ ಬಡಿದು, ಸದ್ದು ಕೇಳಿ, ಒಂದನೇ ನಂಬರು, ಎರಡನೇ ನಂಬರು, ರದ್ದಿ ಎಂದು ಬೇರೆ ಮಾಡುವುದು ಅವರ ಕೆಲಸವಾಗಿತ್ತು. ಸರಿಯಾಗಿ ಬೆಂದ ಹಂಚು 'ಟಣ್' ಎನ್ನುತ್ತದೆ. ಒಳಗೆಲ್ಲೋ ಕೂದಲೆಳೆಯಷ್ಟು ಬಿರುಕಿದ್ದರೂ 'ಡಬ್' ಎನ್ನುತ್ತದೆ. ಕಣ್ಣಿಗೆ ಎರಡೂ ಒಂದೇ ಕೆಂಪು, ಒಂದೇ ನುಣುಪು. ಉಪ್ಪ ಕಣ್ಣನ್ನು ನಂಬುತ್ತಿರಲಿಲ್ಲ.

ನಾನೂ ಮಣ್ಣಿನ ಉದ್ಯೋಗಕ್ಕೇ ಬಂದೆ. ಆದರೆ ನನ್ನದು ಬೇರೆ ಬಗೆಯ ಮಣ್ಣು. ಬೆಂಗಳೂರಿನ ಹೊರವಲಯದ ಒಂದು ಖಾಸಗಿ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅಲ್ಯೂಮಿನಾ ಎಂಬ ಬಿಳಿ ಪುಡಿಯಿಂದ ಪುಟ್ಟ ಬಿಡಿಭಾಗಗಳನ್ನು ಮಾಡುವ ಕೆಲಸ ನನ್ನದು. ಜವಳಿ ಗಿರಣಿಯ ಯಂತ್ರಗಳಲ್ಲಿ ನೂಲು ಹಾದುಹೋಗುವ ಜಾಗದಲ್ಲಿ ಸಣ್ಣ ಬಿಳಿ ಕೊಂಡಿಗಳಿರುತ್ತವೆ. ಹಗಲೂ ರಾತ್ರಿ ಓಡುವ ನೂಲು ಉಕ್ಕನ್ನೂ ಸವೆಸಿ ಗೆರೆ ಮೂಡಿಸುತ್ತದೆ, ಅಲ್ಯೂಮಿನಾವನ್ನು ಅಷ್ಟು ಸುಲಭವಾಗಿ ಸವೆಸಲಾರದು. ಅಂಥ ಕೊಂಡಿಗಳನ್ನು ನಾವು ಮಾಡುತ್ತಿದ್ದೆವು.

2019ರ ಫೆಬ್ರವರಿಯಲ್ಲಿ ನನ್ನ ಮೇಜಿನ ಮೇಲೆ ಚೆನ್ನೈಯ ಪೇಟೆಂಟ್ ಕಚೇರಿಯ ಪತ್ರವೊಂದು ಬಂದು ಕುಳಿತಿತ್ತು. ಮೂರು ವರ್ಷಗಳ ಹಿಂದೆ, 2016ರಲ್ಲಿ, ನಮ್ಮ ಕಾರ್ಖಾನೆ ಒಂದು ಪೇಟೆಂಟಿಗೆ ಅರ್ಜಿ ಹಾಕಿತ್ತು. ವಿಷಯ: ಸೆರಾಮಿಕ್ ಪುಡಿಯಿಂದ ಅಚ್ಚು ತೆಗೆಯಲು ಬಳಸುವ ಮಿಶ್ರಣ. ಸಂಶೋಧಕರ ಜಾಗದಲ್ಲಿ ನನ್ನದೂ ಸೇರಿ ಮೂವರ ಹೆಸರಿತ್ತು. ಬಂದದ್ದು ಮೊದಲ ಪರೀಕ್ಷಾ ವರದಿ. ಅದನ್ನು ಓದಿದ ದಿನ ನನಗೆ ಸಿಟ್ಟು ಬಂದಿತ್ತು. ಅದರಿಂದ ನಾನು ಕಲಿತದ್ದೇನು ಎಂಬುದನ್ನು ಹೇಳುವ ಮೊದಲು, ಆ ಮಿಶ್ರಣ ಏನೆಂದು ಓದುಗರಿಗೆ ಹೇಳಬೇಕು. ಅದಕ್ಕೆ ಅಡುಗೆಮನೆಯ ಉದಾಹರಣೆಯೇ ಸಾಕು.

ಗೋಧಿ ಹಿಟ್ಟಿಗೆ ನೀರು ಹಾಕಿದರೆ ತಾನಾಗಿಯೇ ಅಂಟಿಕೊಂಡು ಎಳೆದ ಹಾಗೆ ಬರುತ್ತದೆ. ಹಂಚಿನ ಜೇಡಿಮಣ್ಣೂ ಹಾಗೆಯೇ. ಅದರ ಕಣಗಳು ಕಣ್ಣಿಗೆ ಕಾಣದಷ್ಟು ತೆಳುವಾದ ಹಾಳೆಗಳಂತೆ ಇರುತ್ತವೆ. ನಡುವೆ ನೀರು ಸೇರಿದರೆ ಒಂದರ ಮೇಲೊಂದು ಜಾರುತ್ತವೆ. ಅದಕ್ಕೇ ಕುಂಬಾರನ ಕೈಗೆ ಮಣ್ಣು ಬಗ್ಗುತ್ತದೆ. ಅಲ್ಯೂಮಿನಾ ಹಾಗಲ್ಲ, ಅದು ಅಕ್ಕಿ ಹಿಟ್ಟಿನ ಜಾತಿ. ತಣ್ಣೀರು ಹಾಕಿ ಕಲಸಿದರೆ ಉದುರುತ್ತದೆ. ನನ್ನ ಉಮ್ಮ ರೊಟ್ಟಿಗೆ ಅಕ್ಕಿ ಹಿಟ್ಟನ್ನು ಕುದಿವ ನೀರಲ್ಲಿ ತಿರುವಿ, ಬಿಸಿ ಇರುವಾಗಲೇ ನಾದುತ್ತಿದ್ದರು. ನಾವು ಮಾಡುವುದೂ ಸುಮಾರು ಅದನ್ನೇ. ಬಿಸಿ ಮಾಡಿದ ಪ್ಯಾರಾಫಿನ್ ಮೇಣ, ಒಂದಿಷ್ಟು ಪಾಲಿಥಿಲೀನ್, ಚೂರು ಸ್ಟಿಯರಿಕ್ ಆಮ್ಲ ಸೇರಿಸಿ ಪುಡಿಯನ್ನು ನಾದುತ್ತೇವೆ. ಗಾತ್ರದ ಲೆಕ್ಕದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಪುಡಿ, ಉಳಿದದ್ದು ಮೇಣ ಮತ್ತು ಅಂಟು. ಬಿಸಿಯಾಗಿದ್ದಾಗ ಅದನ್ನು ಅಚ್ಚಿಗೆ ಒತ್ತಿ ತುಂಬಿದರೆ ಬೇಕಾದ ಆಕಾರ ಬರುತ್ತದೆ.

ಕಷ್ಟ ಇರುವುದು ಆಮೇಲೆ. ಆಕಾರ ಕೊಟ್ಟ ಮೇಣ ಈಗ ಹೊರಗೆ ಹೋಗಬೇಕು. ಅದು ಒಳಗಿದ್ದರೆ ಬೇಯಿಸುವಾಗ ಕುದಿದು ಬೊಬ್ಬೆ ಏಳುತ್ತದೆ, ಬೇಗ ಹೊರಟರೆ ತುಂಡು ಬಿರಿಯುತ್ತದೆ. ಅದಕ್ಕೆಂದು ತುಂಡುಗಳನ್ನು ಒರಟು ಅಲ್ಯೂಮಿನಾ ಪುಡಿಯ ಹಾಸಿನಲ್ಲಿ ಹೂತು, ಗಂಟೆಗಟ್ಟಲೆ ಮೆಲ್ಲಗೆ ಕಾಯಿಸುತ್ತೇವೆ. ದೀಪದ ಬತ್ತಿ ಎಣ್ಣೆ ಹೀರುವಂತೆ ಹಾಸು ಮೇಣವನ್ನು ಹೀರುತ್ತದೆ. ಕೊನೆಗೆ 1600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬೇಯಿಸಿದಾಗ ಕಣಗಳು ಒಂದಕ್ಕೊಂದು ಬೆಸೆದು, 100 ಮಿಲಿಮೀಟರಿನ ತುಂಡು 82-83 ಮಿಲಿಮೀಟರಿಗೆ ಕುಗ್ಗುತ್ತದೆ. ಈ ವಿದ್ಯೆ ಹೊಸದಲ್ಲ. ಸ್ಪಾರ್ಕ್ ಪ್ಲಗ್ಗಿನ ಬಿಳಿ ಕವಚಕ್ಕಾಗಿ 1930ರ ದಶಕದಲ್ಲೇ ಇಂಥ ವಿಧಾನ ಬಳಕೆಗೆ ಬಂದಿತ್ತು.

ನಮ್ಮ ಹೊಸತನ ಇದ್ದದ್ದು ಒಂದೇ. ಪ್ಯಾರಾಫಿನ್ ಜೊತೆಗೆ ಕಾರ್ನೌಬಾ ಎಂಬ, ಬ್ರೆಜಿಲಿನ ತಾಳೆ ಜಾತಿಯ ಮರದೆಲೆಯಿಂದ ಸಿಗುವ ಮೇಣವನ್ನು ಒಂದು ನಿರ್ದಿಷ್ಟ ಪ್ರಮಾಣದಲ್ಲಿ ಸೇರಿಸಿದ್ದೆವು. ಅಲ್ಲಿಯ ತನಕ ಒಂದು ದಪ್ಪ ತುಂಡು ಪದೇ ಪದೇ ಬಿರಿಯುತ್ತಿತ್ತು. ಇದಾದ ಮೇಲೆ ಬಿರಿಯುವುದು ನಿಂತಿತು. ನಾವು ಕುಣಿದಾಡಿದೆವು. ಅರ್ಜಿ ಬರೆದೆವು. ಬರೆದವನು ನಾನೇ.

ಪೇಟೆಂಟ್ ಎಂದರೆ ಒಂದು ಕೊಡುಕೊಳ್ಳುವ ವ್ಯವಹಾರ. ನಿನಗೆ ಗೊತ್ತಿರುವುದನ್ನು, ಇನ್ನೊಬ್ಬ ನುರಿತವನು ಓದಿ ಮಾಡಬಹುದಾದಷ್ಟು ಬಿಡಿಸಿ ಬರೆದುಕೊಡು. ಅದಕ್ಕೆ ಬದಲಾಗಿ ಅರ್ಜಿ ಹಾಕಿದ ದಿನದಿಂದ 20 ವರ್ಷ ನಿನ್ನ ಒಪ್ಪಿಗೆಯಿಲ್ಲದೆ ಬೇರೆ ಯಾರೂ ಅದನ್ನು ವ್ಯಾಪಾರಕ್ಕೆ ಬಳಸದಂತೆ ನೋಡಿಕೊಳ್ಳುತ್ತೇವೆ. ಆಮೇಲೆ ಅದು ಎಲ್ಲರದು. ನಮ್ಮ ದೇಶದಲ್ಲಿ 1970ರ ಪೇಟೆಂಟ್ ಕಾಯಿದೆ ಇದನ್ನು ನಡೆಸುತ್ತದೆ. 2005ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿಯಾಯಿತು. ಕೋಲ್ಕತ್ತಾ, ದೆಹಲಿ, ಮುಂಬೈ, ಚೆನ್ನೈ ಹೀಗೆ ನಾಲ್ಕು ಕಡೆ ಕಚೇರಿಗಳಿವೆ. ಕರ್ನಾಟಕದವರ ಅರ್ಜಿ ಚೆನ್ನೈಗೆ ಹೋಗುತ್ತದೆ. 18 ತಿಂಗಳಾದ ಮೇಲೆ ಅರ್ಜಿ ಪ್ರಕಟವಾಗುತ್ತದೆ. ಪರೀಕ್ಷೆ ಮಾಡಿ ಎಂದು ಪ್ರತ್ಯೇಕವಾಗಿ ಕೇಳಿಕೊಳ್ಳಬೇಕು. ನಮ್ಮ ಕಾಲಕ್ಕೆ ಅದಕ್ಕೆ 48 ತಿಂಗಳ ಗಡುವಿತ್ತು, 2024ರ ನಿಯಮ ತಿದ್ದುಪಡಿಯ ನಂತರದ ಅರ್ಜಿಗಳಿಗೆ 31 ತಿಂಗಳು. ಪರೀಕ್ಷಕರು ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿ ಆಕ್ಷೇಪಗಳ ಪಟ್ಟಿ ಕಳುಹಿಸುತ್ತಾರೆ. ಉತ್ತರ ಕೊಡಲು ಆರು ತಿಂಗಳು, ಬೇಕೆಂದರೆ ಇನ್ನೂ ಮೂರು ತಿಂಗಳು.

ನಮಗೆ ಬಂದ ಆಕ್ಷೇಪಗಳು ಮುಖ್ಯವಾಗಿ ಮೂರು.

ಮೊದಲನೆಯದು, ಇದರಲ್ಲಿ ಜಾಣ್ಮೆಯ ಹೆಜ್ಜೆ ಎಲ್ಲಿದೆ ಎಂಬ ಪ್ರಶ್ನೆ. ಪರೀಕ್ಷಕರು ಎರಡು ಹಳೆಯ ದಾಖಲೆಗಳನ್ನು ಹಿಡಿದಿದ್ದರು. ಒಂದು ಜಪಾನಿನದು. ಅದರಲ್ಲಿ ಕಾರ್ನೌಬಾ ಒಂದನ್ನು ಬಿಟ್ಟರೆ ನಮ್ಮ ಮಿಶ್ರಣವೇ ಇತ್ತು. ಇನ್ನೊಂದು ಅಮೆರಿಕದ್ದು. ಅದರಲ್ಲಿ ಬೇರೊಂದು ಪುಡಿಗೆ ಕಾರ್ನೌಬಾ ಹಾಕಿದ್ದರು. ಎರಡನ್ನೂ ಓದಿದ, ಈ ಕಸುಬಿನಲ್ಲಿ ನುರಿತ ವ್ಯಕ್ತಿಗೆ ನಿಮ್ಮ ಮಿಶ್ರಣ ತಾನಾಗಿಯೇ ಹೊಳೆಯುವುದಿಲ್ಲವೇ ಎಂಬುದು ಅವರ ವಾದ. ಈ 'ನುರಿತ ವ್ಯಕ್ತಿ' ಕಾನೂನಿನ ಕಲ್ಪನೆ. ಅವನಿಗೆ ಹೆಸರಿಲ್ಲ, ಊರಿಲ್ಲ.

ಎರಡನೆಯದು, ಕಾಯಿದೆಯ 3ನೇ ಸೆಕ್ಷನ್ನಿನದು. ಹಲವು ವಸ್ತುಗಳನ್ನು ಬರಿದೆ ಬೆರೆಸಿ, ಅವುಗಳ ಗುಣಗಳನ್ನು ಒಟ್ಟುಗೂಡಿಸಿದ ಮಾತ್ರಕ್ಕೆ ಅದು ಆವಿಷ್ಕಾರವಾಗದು. ಶರಬತ್ತಿನಲ್ಲಿ ಸಕ್ಕರೆ ಸಿಹಿ ಕೊಡುತ್ತದೆ, ನಿಂಬೆ ಹುಳಿ ಕೊಡುತ್ತದೆ. ಎರಡೂ ಸೇರಿ ಸಿಹಿ-ಹುಳಿ ಆಯಿತೆಂದು ಹಕ್ಕು ಕೇಳುವ ಹಾಗಿಲ್ಲ. ಸೇರಿದ್ದರಿಂದ ಎರಡರಲ್ಲೂ ಇಲ್ಲದ ಬೇರೇನೋ ಹುಟ್ಟಿದೆ ಎಂದು ತೋರಿಸಬೇಕು.

ಮೂರನೆಯದು ನನ್ನನ್ನು ಚುಚ್ಚಿತು. ವಿವರ ಸಾಲದು ಎಂಬುದು ಆಕ್ಷೇಪ. 'ಯೋಗ್ಯ ರೀತಿಯಲ್ಲಿ ಮೇಣ ತೆಗೆಯುವುದು' ಎಂದಿದ್ದೀರಿ, ಯಾವುದು ಯೋಗ್ಯ? ಬಿರುಕು ಬಿಡದಿರುವುದು ನಿಮ್ಮ ಮಿಶ್ರಣದಿಂದಲೇ ಎನ್ನಲು ಹಳೆಯ ಮಿಶ್ರಣದೊಂದಿಗೆ ಹೋಲಿಸಿದ ಪ್ರಯೋಗ ಎಲ್ಲಿ?

ನನ್ನ ಸಿಟ್ಟಿಗೆ ಕಾರಣ ಇದು. ಒಂದು ದಿನವೂ ಕುಲುಮೆಯ ಮುಂದೆ ಬೆವರಿರದವರು ಕುರ್ಚಿಯಲ್ಲಿ ಕೂತು ನನ್ನನ್ನು ಪ್ರಶ್ನಿಸುತ್ತಿದ್ದಾರೆ ಎನಿಸಿತು. ನಮ್ಮ ಪೇಟೆಂಟ್ ಏಜೆಂಟ್ ಆಗಿದ್ದ ಮಹಿಳೆ ಮಾತ್ರ ಶಾಂತವಾಗಿಯೇ, "ಅವರು ಕೇಳಿದ್ದು ಸರಿಯಾಗಿಯೇ ಇದೆ ಸಾರ್. ಹೋಲಿಕೆಯ ಪ್ರಯೋಗ ಮಾಡಿಕೊಡಿ. ಅದೊಂದಿದ್ದರೆ ಮೂರಕ್ಕೂ ಉತ್ತರ ಸಿಕ್ಕಂತೆ" ಎಂದರು.

ಪ್ರಯೋಗಕ್ಕೆ ಕೂತೆವು. ನಮ್ಮ ಮಿಶ್ರಣದ 20 ತುಂಡು, ಜಪಾನಿನ ದಾಖಲೆಯಲ್ಲಿದ್ದ ಮಿಶ್ರಣದ 20 ತುಂಡು. ಪರೀಕ್ಷಕರಿಗೆ ಹೋಗುವ ಲೆಕ್ಕವಾದ್ದರಿಂದ ಎಲ್ಲವೂ ಶುದ್ಧವಾಗಿರಲಿ ಎಂದು ಹಾಸಿಗೆ ಹೊಸ ಪುಡಿಯ ಚೀಲ ಒಡೆಯಲು ಹೇಳಿದೆ. ಮರುದಿನ ತೆಗೆದು ನೋಡಿದರೆ ಜಪಾನಿನ ತುಂಡುಗಳಲ್ಲಿ ಹೆಚ್ಚಿನವು ಬಿರಿದಿದ್ದವು. ನಮ್ಮವೂ ಬಿರಿದಿದ್ದವು.

ನನಗೆ ಕೈಕಾಲು ತಣ್ಣಗಾಯಿತು. ಮೂರು ವರ್ಷದಿಂದ ಬಿರಿಯದ ತುಂಡು ಈಗೇಕೆ ಬಿರಿಯಿತು? ಕುಲುಮೆಯ ಜವಾಬ್ದಾರಿ ಹೊತ್ತಿದ್ದ ಮೇಸ್ತ್ರಿಯನ್ನು ಕರೆದೆ. ಖಾನಾಪುರದ ಕಡೆಯವರು, ಕುಂಬಾರಿಕೆಯ ಮನೆತನದವರು. ಐದನೇ ಇಯತ್ತೆಯ ತನಕ ಓದಿದವರು.

"ಹೊಸಾ ಪುಡಿ ಹಾಕಂದ್ರಲ್ರಿ ಸಾಹೇಬ್ರ, ಅದಕ್ಕ ಬಿರದಾವ" ಎಂದರು, ಇದರಲ್ಲಿ ಕೇಳುವುದೇನಿದೆ ಎಂಬಂತೆ.

"ಮೊದಲು ಏನು ಹಾಕುತ್ತಿದ್ದಿರಿ?"

"ಹಳೇದು, ಹೊಸಾದು ಕಲಿಸಿ ಹಾಕ್ತಿದ್ದೆ. ಹೊಸಾ ಪುಡಿ ಭಾಳ ಹಸದಿರತೈತ್ರಿ. ಮ್ಯಾಣಾನ ಒಮ್ಮಿಗೇ ಎಳಕೊಂಡ ಬಿಡತೈತಿ. ಹಳೇದರ ಹೊಟ್ಟಿ ಒಂದೀಟು ತುಂಬಿರತೈತಿ, ಸಾವಕಾಶ ಎಳೀತೈತಿ. ಅದನ್ನ ಯಾಕ ಒಗೀಬೇಕು ಅಂತ ಜರಡಿ ಹಿಡದು, ಎರಡ ಪಾಲು ಹಳೇದಕ್ಕ ಒಂದ ಪಾಲು ಹೊಸಾದು ಕೂಡಸ್ತಿದ್ದೆ."

"ಯಾವಾಗಿನಿಂದ?"

ಅವರು ಹೇಳಿದ ದಿನ ನಾವು ಕಾರ್ನೌಬಾ ಸೇರಿಸಲು ಶುರುಮಾಡಿದ ವಾರವೇ ಆಗಿತ್ತು. ದಪ್ಪ ತುಂಡು ಬಿರಿಯುತ್ತಿದೆ ಎಂದು ನಾವು ಮೇಲೆ ತಲೆಕೆಡಿಸಿಕೊಂಡಿದ್ದಾಗ ಅವರು ಕೆಳಗೆ ತಲೆಕೆಡಿಸಿಕೊಂಡಿದ್ದರು.

"ಇದನ್ನು ನಮಗೆ ಯಾಕೆ ಹೇಳಲಿಲ್ಲ ಮೇಸ್ತ್ರಿ?"

"ನನಗ ಯಾರೂ ಕೇಳಿಲ್ರಿ."

ಆ ವಾರ ನಾನು ನಾಲ್ಕು ಸಾಲಿನ ಪ್ರಯೋಗ ಮಾಡಿದೆ. ನಮ್ಮ ಮಿಶ್ರಣ, ಹೊಸ ಹಾಸು: ಬಿರಿಯಿತು. ನಮ್ಮ ಮಿಶ್ರಣ, ಮೇಸ್ತ್ರಿಯ ಹಾಸು: ಬಿರಿಯಲಿಲ್ಲ. ಜಪಾನಿನ ಮಿಶ್ರಣ, ಹೊಸ ಹಾಸು: ಬಿರಿಯಿತು. ಜಪಾನಿನ ಮಿಶ್ರಣ, ಮೇಸ್ತ್ರಿಯ ಹಾಸು: ಬಿರಿಯಲಿಲ್ಲ. ಕಾರ್ನೌಬಾಕ್ಕೂ ಬಿರುಕಿಗೂ ಸಂಬಂಧವೇ ಇರಲಿಲ್ಲ. ಒಣ ಪುಡಿಯ ಸಣ್ಣ ಸಣ್ಣ ತೆರಪುಗಳು ಮೇಣವನ್ನು ರಭಸದಿಂದ ಸೆಳೆಯುತ್ತವೆ. ಅವುಗಳಲ್ಲಿ ಕೆಲವು ಮೊದಲೇ ತುಂಬಿದ್ದರೆ ಸೆಳೆತ ಕಡಿಮೆ. ಇದು ನಾನು ಕಾಲೇಜಿನಲ್ಲಿ ಓದಿದ ಪಾಠವೇ. ಮೇಸ್ತ್ರಿ ಅದಕ್ಕೆ ಹಸಿವು ಎಂದಿದ್ದರು.

ಅರ್ಜಿಯ ಮೊದಲ ನಮೂನೆಯಲ್ಲಿ 'ನಿಜವಾದ ಮತ್ತು ಮೊದಲ ಸಂಶೋಧಕ' ಯಾರು ಎಂದು ಘೋಷಿಸುವ ಜಾಗವಿದೆ. ಅಲ್ಲಿ ನಾನು ಸಹಿ ಹಾಕಿದ್ದೆ. ಸುಳ್ಳೆಂದು ತಿಳಿದು ಹಾಕಿದ್ದಲ್ಲ ನಿಜ. ಆದರೆ ಆ ಸಹಿ ಹಾಕುವ ಮೊದಲು ಒಮ್ಮೆ ಮೆಟ್ಟಿಲಿಳಿದು ಕುಲುಮೆಯ ಬಳಿ ಹೋಗಿ, ನೀವೇನಾದರೂ ಬದಲಾಯಿಸಿದ್ದೀರಾ ಎಂದು ಕೇಳುವುದು ನನಗೆ ಹೊಳೆಯಲೇ ಇಲ್ಲ. ಹಂಚಿನ ಕಾರ್ಖಾನೆಯ ಕೂಲಿಕಾರನ ಮಗನಾದ ನನಗೆ!

ನಮ್ಮ ಮ್ಯಾನೇಜರರಿಗೆ ನಾಲ್ಕು ಸಾಲುಗಳನ್ನೂ ತೋರಿಸಿದೆ. ಅವರು ಕೆಟ್ಟ ಮನುಷ್ಯರಲ್ಲ. ಸ್ವಲ್ಪ ಹೊತ್ತು ನೋಡಿ, ಪೆನ್ಸಿಲಿನಿಂದ ಎರಡು ಸಾಲಿಗೆ ಗುರುತು ಹಾಕಿದರು. ನಮ್ಮ ಮಿಶ್ರಣ ಮೇಸ್ತ್ರಿಯ ಹಾಸಿನಲ್ಲಿ ಬಿರಿಯಲಿಲ್ಲ, ಜಪಾನಿನದು ಹೊಸ ಹಾಸಿನಲ್ಲಿ ಬಿರಿಯಿತು. "ಇವೆರಡು ಕಳುಹಿಸಿ. ಇವೆರಡೂ ಸುಳ್ಳಲ್ಲವಲ್ಲ?" ಎಂದರು.

ಸುಳ್ಳಲ್ಲ. ನಡೆದ ಪ್ರಯೋಗಗಳೇ. ಆ ಎರಡು ಸಾಲು ಹೋಗಿದ್ದರೆ ಪೇಟೆಂಟ್ ಸಿಗುವ ಸಂಭವ ಚೆನ್ನಾಗಿಯೇ ಇತ್ತು. ಪರೀಕ್ಷಕರು ನಮ್ಮ ಕುಲುಮೆಗೆ ಬಂದು ನೋಡುವುದಿಲ್ಲ. ನಾವು ಕೊಟ್ಟ ಅಂಕಿಗಳನ್ನೇ ಅವರು ನಂಬಬೇಕು. ನನ್ನ ಹೆಸರಿನಲ್ಲೊಂದು ಪೇಟೆಂಟ್, ಅದರ ಹಿಂದೆ ಬರಬಹುದಾದ ಬಡ್ತಿ, ಮಗಳ ಕಾಲೇಜಿನ ಫೀಸು ಎಲ್ಲವೂ ಕಣ್ಣೆದುರು ಬಂದವು. ನಾನು ಕೂಡಲೇ ಬೇಡ ಎನ್ನಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದು ಊರಿಗೆ ಹೊರಟೆ. ಅದು ಜುಲೈ ತಿಂಗಳು. ಗಡುವು ಮುಗಿಯಲು ಸರಿಯಾಗಿ ಒಂದು ತಿಂಗಳಿತ್ತು.

ಊರಲ್ಲಿ ಮಳೆ ಬಿಡದೆ ಸುರಿಯುತ್ತಿತ್ತು. ನಡುಕೋಣೆಯಲ್ಲಿ ಒಂದು ಕಡೆ ಸೋರುತ್ತಿತ್ತೆಂದು ಉಮ್ಮ ಪಾತ್ರೆ ಇಟ್ಟಿದ್ದರು. ಮಳೆ ತುಸು ಹೊಳವಾದಾಗ ಉಪ್ಪ ನನ್ನನ್ನು ಏಣಿ ಹತ್ತಿಸಿದರು. ಎಂಬತ್ತರ ಹತ್ತಿರದ ವಯಸ್ಸು, ಕಿವಿ ಮಂದ. ಕೆಳಗೆ ನಿಂತೇ ಹೇಳುತ್ತಿದ್ದರು: "ನೋಡಿದರೆ ಗೊತ್ತಾಗಲಿಕ್ಕಿಲ್ಲ ಮೋನೇ. ಬಡಿದು ನೋಡು."

ಒಂದೊಂದೇ ಹಂಚು ಎತ್ತಿ ಬಡಿದೆ. ಏಳನೆಯದೋ ಎಂಟನೆಯದೋ ಡಬ್ ಎಂದಿತು. ಕಣ್ಣಿಗೆ ಏನೂ ಕಾಣಿಸಲಿಲ್ಲ. ಕೆಳಗಿಳಿಸಿ ಕೊಟ್ಟೆ. ಉಪ್ಪ ಅದನ್ನು ತಿರುಗಿಸಿ ಬೆನ್ನಿನ ಮೇಲಿನ ಅಕ್ಷರಗಳನ್ನು ಸವರಿದರು. ಅವರು ಕೆಲಸ ಮಾಡುತ್ತಿದ್ದ ಕಾರ್ಖಾನೆಯದೇ ಹಂಚು. "ಇದನ್ನು ನಾನೇ ಪಾಸು ಮಾಡಿದ್ದಿರಬೇಕು" ಎಂದು ನಕ್ಕರು.

ಆ ಸಂಜೆ ಅವರಿಗೆ ನನ್ನ ವಿಷಯ ಹೇಳಿದೆ. ಪೇಟೆಂಟ್ ಎಂದರೇನೆಂದು ವಿವರಿಸುವುದರಲ್ಲೇ ಅರ್ಧ ಗಂಟೆ ಹೋಯಿತು. ನಾಲ್ಕು ಸಾಲನ್ನು ಮಾತ್ರ ಅವರು ತಕ್ಷಣ ಹಿಡಿದುಕೊಂಡರು. ಕೇಳಿದ್ದು ಒಂದೇ ಪ್ರಶ್ನೆ: "ನಿನ್ನ ಕಾಗದ ಓದಿ ಬೇರೆ ಊರಿನವನೊಬ್ಬ ಆ ಎಲೆಯ ಮೇಣ ತರಿಸಿ, ಹೊಸ ಪುಡಿಯಲ್ಲಿಟ್ಟು ಕಾಯಿಸಿದರೆ?"

"ಬಿರಿಯುತ್ತದೆ."

ಉಪ್ಪ ಮತ್ತೇನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಪರೀಕ್ಷಕರ ಮೂರನೆಯ ಆಕ್ಷೇಪವೂ ಅದೇ ಆಗಿತ್ತು: ನೀನು ಬರೆದದ್ದನ್ನು ಓದಿ ಇನ್ನೊಬ್ಬ ಮಾಡಬಲ್ಲನೇ?

ಆ ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ ಹಂಚಿನ ಬಗ್ಗೆಯೇ ಯೋಚಿಸುತ್ತಿದ್ದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು, ಜಾರ್ಜ್ ಪ್ಲೆಬ್ಸ್ಟ್ ಎಂಬವರ ಉಸ್ತುವಾರಿಯಲ್ಲಿ, 1865ರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಈ ಬಗೆಯ ಹಂಚಿಗೆ ಫ್ರಾನ್ಸಿನ ಅಲ್ಸಾಸ್ ಪ್ರಾಂತದ ಜಿಲಾರ್ಡೋನಿ ಸಹೋದರರು 1841ರಲ್ಲೇ ಪೇಟೆಂಟ್ ಪಡೆದಿದ್ದರು. ಅಂದಿನ ಫ್ರಾನ್ಸಿನಲ್ಲಿ ಪೇಟೆಂಟಿನ ಗರಿಷ್ಠ ಅವಧಿ 15 ವರ್ಷ. ಅಂದರೆ ಮಂಗಳೂರಿನಲ್ಲಿ ಮೊದಲ ಗೂಡು ಉರಿಯುವ ಹೊತ್ತಿಗೆ ಆ ಹಕ್ಕು ಮುಗಿದು, ವಿದ್ಯೆ ಊರೆಲ್ಲರದಾಗಿತ್ತು. ನಮ್ಮ ನದಿಗಳ ದಂಡೆಯಲ್ಲಿ ಸಾಲುಸಾಲಾಗಿ ಕಾರ್ಖಾನೆಗಳು ಎದ್ದು, ನನ್ನ ಉಪ್ಪನಂಥ ಎಷ್ಟೋ ಮಂದಿಗೆ ಗಂಜಿ ಸಿಕ್ಕಿತು. ಒಬ್ಬರು ತಮಗೆ ತಿಳಿದದ್ದನ್ನು ಬರೆದಿಟ್ಟದ್ದರಿಂದ ಆಗುವ ಒಳಿತು ಇದು. ಬರೆದದ್ದು ಅರ್ಧವಾಗಿದ್ದರೆ ಅವಧಿ ಮುಗಿದ ಮೇಲೆ ಊರಿಗೆ ಸಿಗುವುದೂ ಅರ್ಧವೇ.

ಬರೆಯದೆ ಉಳಿದ ವಿದ್ಯೆಗೆ ಏನಾಗುತ್ತದೆ ಎಂಬುದಕ್ಕೆ ಅರಸಿನದ ಕತೆ ನಮಗೆಲ್ಲ ಗೊತ್ತು. ಗಾಯ ಮಾಯಿಸಲು ಅರಸಿನ ಬಳಸುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟುಬಿಟ್ಟಿದ್ದರು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಅದನ್ನು ಪ್ರಶ್ನಿಸಿ, ಹಳೆಯ ಸಂಸ್ಕೃತ ಗ್ರಂಥದ ಉಲ್ಲೇಖ, 1953ರ ವೈದ್ಯಕೀಯ ಪತ್ರಿಕೆಯ ಲೇಖನ ಮೊದಲಾದವನ್ನು ಮುಂದಿಟ್ಟ ಮೇಲೆ 1997ರಲ್ಲಿ ಅದು ರದ್ದಾಯಿತು. ಅಜ್ಜಿಯಂದಿರ ಮಾತು ಅಲ್ಲಿ ಸಾಲಲಿಲ್ಲ, ಅಚ್ಚಾದ ಕಾಗದ ಬೇಕಾಯಿತು. ನಮ್ಮ ಕಾಯಿದೆ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ಸ್ಥಳೀಯ ಸಮುದಾಯಗಳಲ್ಲಿ ಬಾಯಿಂದ ಬಾಯಿಗೆ ಬಂದ ತಿಳುವಳಿಕೆಯನ್ನೂ ಮುಂದಿಟ್ಟು ಪೇಟೆಂಟನ್ನು ವಿರೋಧಿಸಲು ಅದರಲ್ಲಿ ಅವಕಾಶವಿದೆ.

ಹಾಗಾದರೆ ಮೇಸ್ತ್ರಿಯ ಹಾಸಿಗೇ ಪೇಟೆಂಟ್ ಕೇಳಬಹುದಲ್ಲ? ಬೆಂಗಳೂರಿಗೆ ಮರಳಿದ ಮೇಲೆ ಏಜೆಂಟರನ್ನು ಇದನ್ನೇ ಕೇಳಿದೆ. ಅವರು ಮೂರು ಮಾತು ಹೇಳಿದರು. ಈ ಅರ್ಜಿಗೆ ಅದನ್ನು ಸೇರಿಸುವಂತಿಲ್ಲ. ಮೊದಲು ಸಲ್ಲಿಸಿದ ವಿವರಣೆಯಲ್ಲಿ ಇಲ್ಲದ್ದನ್ನು ತಿದ್ದುಪಡಿಯ ಹೆಸರಿನಲ್ಲಿ ತರುವುದನ್ನು ಕಾಯಿದೆಯ 59ನೇ ಸೆಕ್ಷನ್ ಒಪ್ಪುವುದಿಲ್ಲ. ಹೊಸ ಅರ್ಜಿ ಹಾಕಬಹುದು, ಆದರೆ ಹಾಸಿನಲ್ಲಿ ಹೂತು ಮೇಣ ತೆಗೆಯುವುದು ಹಳೆಯ ವಿದ್ಯೆ. ಹಳೆ ಪುಡಿ ಬೆರೆಸುವುದು ಅದಕ್ಕಿಂತ ಎಷ್ಟು ದೂರ ಎಂದು ಪರೀಕ್ಷಕರು ಕೇಳಿಯೇ ಕೇಳುತ್ತಾರೆ. ಮೂರನೆಯದು, ಮ್ಯಾನೇಜರ್ ಗುರುತು ಹಾಕಿದ ಎರಡು ಸಾಲಿನ ಬಗ್ಗೆ: "ನೀವು ಕೊಟ್ಟದ್ದನ್ನು ನಾನು ಸಲ್ಲಿಸುತ್ತೇನೆ ಸಾರ್. ತಪ್ಪು ಚಿತ್ರ ಕೊಟ್ಟು ಪಡೆದ ಪೇಟೆಂಟನ್ನು ಮುಂದೆ ಯಾರು ಬೇಕಾದರೂ ರದ್ದು ಮಾಡಿಸಬಹುದು ಎಂಬುದು ನಿಮಗೆ ಗೊತ್ತಿರಲಿ."

ಅವರೇ ಒಂದು ಹಳೆಯ ತೀರ್ಪನ್ನೂ ಓದಲು ಕೊಟ್ಟರು. ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಮತ್ತು ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ನಡುವಿನ ಮೊಕದ್ದಮೆ, ಸುಪ್ರೀಂ ಕೋರ್ಟು 1978ರ ಡಿಸೆಂಬರಿನಲ್ಲಿ ತೀರ್ಮಾನಿಸಿದ್ದು. ಮಿರ್ಜಾಪುರದ ಪಾತ್ರೆ ಕಾರ್ಖಾನೆಯೊಂದು, ಪಾತ್ರೆಯನ್ನು ಲೇತಿಗೆ ಕಚ್ಚಿಸಿ ಹಿಡಿಯುವ ವಿಧಾನಕ್ಕೆ ಪೇಟೆಂಟ್ ಪಡೆದಿತ್ತು. ಅದು ಆವಿಷ್ಕಾರವಲ್ಲ, ಹಿಂದಿನಿಂದ ಇದ್ದದ್ದನ್ನೇ ಕೆಲಸದ ಮನೆಯಲ್ಲಿ ತುಸು ಸುಧಾರಿಸಿದ್ದು ಮಾತ್ರ ಎಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಬರಿಯ ಕೆಲಸದ ಮನೆಯ ಸುಧಾರಣೆಗೆ ಪೇಟೆಂಟ್ ಇಲ್ಲ ಎಂಬ ಮಾತಿಗೆ ನಮ್ಮಲ್ಲಿ ಇಂದಿಗೂ ಈ ತೀರ್ಪೇ ಆಧಾರ.

ಇದನ್ನು ಓದಿ ನನಗೆ ಎರಡು ತರದ ಭಾವನೆ ಬಂತು. ಕಾನೂನು ಹೇಳುವುದು ನ್ಯಾಯವೇ. ಕುಂಬಾರ, ಕಮ್ಮಾರ, ಲೇತಿನವನು ದಿನನಿತ್ಯ ಕೈಯಾರೆ ಮಾಡಿಕೊಳ್ಳುವ ಸಣ್ಣಪುಟ್ಟ ಉಪಾಯಗಳನ್ನೆಲ್ಲ ಹಣವಿದ್ದವರು ಬರೆಸಿಕೊಂಡು ಬೇಲಿ ಹಾಕಿದರೆ ಬಡ ಕಸುಬುದಾರ ತನ್ನ ಕೆಲಸ ತಾನು ಮಾಡಲೂ ಅಪ್ಪಣೆ ಕೇಳಬೇಕಾದೀತು. ಆದರೆ ಇದೇ ಕಾರಣಕ್ಕೆ ಮೇಸ್ತ್ರಿಯಂಥವರ ತಿಳುವಳಿಕೆಗೆ ಎಲ್ಲೂ ಹೆಸರಿಲ್ಲದೆ ಹೋಗುತ್ತದೆ. ಕಾನೂನಿನ ಕಡತದಲ್ಲಿ ಅವರು ಆ ಹೆಸರಿಲ್ಲದ 'ನುರಿತ ವ್ಯಕ್ತಿ'. ಅವರಿಗೆ ಎಲ್ಲವೂ ಗೊತ್ತು, ಅದಕ್ಕೇ ಅವರು ಹೇಳುವುದು ಹೊಸದಲ್ಲ! ಈ ಗಂಟನ್ನು ಕಾಯಿದೆ ಬಿಡಿಸಲಾರದು. ಮೆಟ್ಟಿಲಿಳಿದು ಹೋಗಿ ಕೇಳಬೇಕಾದವರು ನಾವೇ.

ಮ್ಯಾನೇಜರರಿಗೆ ನಾನು ಎರಡು ಸಾಲಿಗೆ ಸಹಿ ಹಾಕಲಾರೆ ಎಂದೆ, ನಾಲ್ಕನ್ನೂ ಕಳುಹಿಸೋಣ ಎಂದೆ. ನಾಲ್ಕೂ ಹೋದರೆ ಅರ್ಜಿ ಬೀಳುವುದು ಖಚಿತವೆಂದು ಅವರಿಗೂ ಗೊತ್ತಿತ್ತು. ಕೆಲವು ದಿನ ನನ್ನೊಡನೆ ಮಾತು ಕಡಿಮೆಯಾಯಿತು. ಕೊನೆಗೆ ಉತ್ತರವನ್ನೇ ಕೊಡದೆ ಬಿಡುವುದೆಂದು ಮೇಲಿನವರು ತೀರ್ಮಾನಿಸಿದರು. ಆಗಸ್ಟಿನಲ್ಲಿ ಗಡುವು ಮುಗಿಯಿತು. ಉತ್ತರ ಬಾರದ ಅರ್ಜಿಯನ್ನು ಕೈಬಿಟ್ಟದ್ದೆಂದು ಭಾವಿಸುವುದು ನಿಯಮ. ನಮ್ಮದೂ ಹಾಗೆಯೇ ಮುಗಿಯಿತು. ಆ ವರ್ಷ ನನಗೆ ಬಡ್ತಿ ಬರಲಿಲ್ಲ. ಅದಕ್ಕೆ ಇದೇ ಕಾರಣವೆಂದು ಹೇಳಲಾರೆ.

ಮೇಸ್ತ್ರಿಗೆ ಎಲ್ಲವನ್ನೂ ಹೇಳಿ, ನಿಮ್ಮ ಹೆಸರು ಬರೆಯಬೇಕಿತ್ತು, ನಾವು ಬರೆಯಲಿಲ್ಲ ಎಂದೆ. ಅವರಿಗೆ ಮುಜುಗರವಾಯಿತು. "ಹಳೇ ಪುಡಿ ಒಗಿಯೂದು ಬ್ಯಾಡ ಅಂತ ಹಾಕೇನ್ರಿ. ಅದಕ್ಯಾಕ ಹೆಸರು?" ಎಂದು ಕುಲುಮೆಯ ಕಡೆ ತಿರುಗಿದರು. ತುಸು ಹೊತ್ತು ಬಿಟ್ಟು ತಾವಾಗಿಯೇ ಬಂದು, ಜರಡಿಯ ಕಣ್ಣು ಎಷ್ಟಿರಬೇಕು, ಪುಡಿ ಎಷ್ಟು ಸಲ ಬಳಸಿದ ಮೇಲೆ ಪೂರ್ತಿ ಬದಲಾಯಿಸಬೇಕು, ಮಳೆಗಾಲದಲ್ಲಿ ಪಾಲು ಹೇಗೆ ಬದಲಾಗುತ್ತದೆ ಎಂದು ಒಂದೊಂದಾಗಿ ಹೇಳತೊಡಗಿದರು. ನಾನು ಬರೆದುಕೊಂಡೆ. ನಮ್ಮ ಕುಲುಮೆ ವಿಭಾಗದ ಕೆಲಸದ ಕೈಪಿಡಿಯಲ್ಲಿ ಅದಕ್ಕೆ ಎರಡು ಪುಟ ಸೇರಿಸಿ, ಕೆಳಗೆ ಅವರ ಪೂರ್ತಿ ಹೆಸರು, ಊರು ಬರೆಸಿದೆ. ಮ್ಯಾನೇಜರ್ ಅದಕ್ಕೆ ಅಡ್ಡಿ ಮಾಡಲಿಲ್ಲ, ಸಹಿ ಹಾಕಿದರು.

ಉಪ್ಪ 2021ರಲ್ಲಿ ತೀರಿಕೊಂಡರು. ಮೇಸ್ತ್ರಿ ನಿವೃತ್ತರಾಗಿ ಊರಿಗೆ ಹೋದರು. ಕಳೆದ ಮಳೆಗಾಲದಲ್ಲಿ ಕುಲುಮೆಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಬಳಸಿದ ಪುಡಿಯನ್ನು ಕಸದ ಡಬ್ಬಿಗೆ ಸುರಿಯುತ್ತಿದ್ದ. ತಡೆದೆ. ಯಾಕೆ ಸಾರ್ ಎಂದ. ಕೈಪಿಡಿ ತೆರೆದು ಆ ಎರಡು ಪುಟ ಓದಲು ಕೊಟ್ಟೆ. ಡಿಪ್ಲೊಮಾ ಮಾಡಿದ ಹುಡುಗ, ಮನಸ್ಸಿಟ್ಟು ಓದಿದ. ಕೆಳಗಿನ ಹೆಸರಿನ ಮೇಲೆ ಬೆರಳಿಟ್ಟು, "ಇವರು ಯಾರು ಸಾರ್?" ಎಂದು ಕೇಳಿದ.

ಒಂದು ಸ್ಟೂಲು ಎಳೆದುಕೊಂಡು ಅವನ ಪಕ್ಕದಲ್ಲಿ ಕುಳಿತೆ.